ಗೇಣಿದಾರನ ಕಣದಿಂದ ಶಾಲೆಯ ಅಂಗಳಕ್ಕೆ: ದಿನಕರ ದೇಸಾಯಿ ನಡೆದ ದಾರಿ

ಕುಮಟಾ ತಾಲ್ಲೂಕಿನ ಯಾಣಕ್ಕೆ ಅಂಕೋಲೆಯ ಕಡೆಯಿಂದ ಅಚವೆಯ ಮಾರ್ಗವಾಗಿ ಹೋಗುವ ಪ್ರವಾಸಿಗರ ಕಣ್ಣೆಲ್ಲ ಮುಂದೆ ಕಾಣಲಿರುವ ಭೈರವೇಶ್ವರ ಮತ್ತು ಮೋಹಿನಿ ಶಿಖರಗಳ ಮೇಲೆಯೇ ಇರುತ್ತದೆ. ದಾರಿಯ ಬದಿಯ ಭತ್ತದ ಗದ್ದೆಗಳನ್ನು ನಿಂತು ನೋಡುವವರು ಕಡಿಮೆ. ಆದರೆ ಉತ್ತರ ಕನ್ನಡದ ಇಪ್ಪತ್ತನೆಯ ಶತಮಾನದ ಚರಿತ್ರೆಯ ಒಂದು ದೊಡ್ಡ ಅಧ್ಯಾಯ ಇಂಥ ಗದ್ದೆಗಳಲ್ಲಿಯೇ ನಡೆದಿದೆ. ಬೆಳೆದವನ ಮನೆಗೆ ಭತ್ತ ಎಷ್ಟು ಹೋಗಬೇಕು, ಒಡೆಯನ ಕಣಜಕ್ಕೆ ಎಷ್ಟು ಹೋಗಬೇಕು ಎಂಬುದು ಆ ಅಧ್ಯಾಯದ ವಸ್ತು. ಅದನ್ನು ಜಿಲ್ಲೆಯ ಮುಖ್ಯ ಪ್ರಶ್ನೆಯನ್ನಾಗಿ ಮಾಡಿದವರಲ್ಲಿ ಅಗ್ರಗಣ್ಯರು ಒಬ್ಬ ಕವಿ ಎಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. ಅವರೇ ದಿನಕರ ದೇಸಾಯಿ.

ಚುಟುಕ ಬ್ರಹ್ಮನೆಂದು ನಾಡು ಅವರನ್ನು ಕರೆಯಿತು. ಗೋಡೆಯ ಗಡಿಯಾರವನ್ನು ಗಂಟೆಯ ಬಂಧುವಾಗಿ ಕಂಡ ಅವರ ಶಿಶುಗೀತೆಯನ್ನು ಬಾಯಿಪಾಠ ಮಾಡದ ಕನ್ನಡ ಶಾಲೆಯ ಮಕ್ಕಳು ವಿರಳ. ಆ ಪದ್ಯವನ್ನು ಹಾಡಿ ಬೆಳೆದ ಎಷ್ಟೋ ಮಂದಿಗೆ ಅದನ್ನು ಬರೆದವರು ಮುಂಬಯಿಯಲ್ಲಿ ಹಡಗು ಕಾರ್ಮಿಕರ ನಡುವೆ ದುಡಿದವರು, ರೈತರ ಪರ ನಿಂತದ್ದಕ್ಕಾಗಿ ಸ್ವಂತ ಜಿಲ್ಲೆಯಿಂದ ಗಡೀಪಾರಾದವರು ಎಂಬುದು ಮಾತ್ರ ತಿಳಿದಿರಲಿಕ್ಕಿಲ್ಲ.

ಬಾಲ್ಯ ಮತ್ತು ವಿದ್ಯಾಭ್ಯಾಸ

ದಿನಕರ ದತ್ತಾತ್ರೇಯ ದೇಸಾಯಿ ಹುಟ್ಟಿದ್ದು 1909ರ ಸೆಪ್ಟೆಂಬರ್ 10ರಂದು, ಅಂಕೋಲಾ ತಾಲ್ಲೂಕಿನಲ್ಲಿ. ತಂದೆ ಶಾಲಾ ಶಿಕ್ಷಕರು. ತಾಯಿಯನ್ನು ಎಳವೆಯಲ್ಲಿಯೇ ಕಳೆದುಕೊಂಡ ಬಾಲಕ ಓದಿನಲ್ಲಿ ಮುಂದಿದ್ದ. ಬೆಂಗಳೂರು ಮತ್ತು ಮೈಸೂರುಗಳಲ್ಲಿ ಕಾಲೇಜು ವಿದ್ಯಾಭ್ಯಾಸ ನಡೆಯಿತು. ಅದು ಬಿ.ಎಂ. ಶ್ರೀಕಂಠಯ್ಯನವರ ಪ್ರಭಾವದಲ್ಲಿ ಹೊಸಗನ್ನಡ ಕವಿತೆ ಚಿಗುರೊಡೆಯುತ್ತಿದ್ದ ಕಾಲ. ಆಮೇಲೆ ಮುಂಬಯಿಯಲ್ಲಿ ಇತಿಹಾಸದ ಎಂ.ಎ. ಮತ್ತು ಕಾನೂನು ಪದವಿ. ಕಲ್ಯಾಣದ ಚಾಲುಕ್ಯರ ಕಾಲದ ಮಹಾಮಂಡಲೇಶ್ವರರನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1951ರಲ್ಲಿ ಹೊರಬಂತು. ಕರಿಕೋಟು ತೊಟ್ಟು ನ್ಯಾಯಾಲಯಕ್ಕೆ ಹೋಗುವ, ಇಲ್ಲವೇ ಶಾಸನಗಳನ್ನು ಓದುತ್ತ ಪ್ರಾಧ್ಯಾಪಕರಾಗಿ ನೆಮ್ಮದಿಯಿಂದಿರುವ ದಾರಿ ಅವರ ಮುಂದೆ ತೆರೆದೇ ಇತ್ತು.

ಆ ದಾರಿಯನ್ನು ಬಿಟ್ಟು ದೇಸಾಯಿಯವರು ಭಾರತ ಸೇವಕ ಸಮಾಜವನ್ನು ಸೇರಿದರು. ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಸಂಸ್ಥೆ ಅದು. ತನಗಾಗಿ ಹಣ ಗಳಿಸುವುದಿಲ್ಲ, ಸಮಾಜವು ಸಂಸಾರಕ್ಕೆ ಕೊಡುವಷ್ಟರಲ್ಲಿ ತೃಪ್ತನಾಗಿರುತ್ತೇನೆ ಎಂಬುದು ಅದರ ಸದಸ್ಯರ ಪ್ರತಿಜ್ಞೆಗಳಲ್ಲಿ ಒಂದು. ಕಾರ್ಮಿಕ ಸಂಘಟನೆಯ ಹಿರಿಯರಾಗಿದ್ದ ಎನ್.ಎಂ. ಜೋಶಿಯವರು ಈ ಸಮಾಜದ ಮೂಲಕ ಮುಂಬಯಿಯಲ್ಲಿ ದುಡಿದವರು. ದೇಸಾಯಿಯವರ ಪಾಲಿಗೂ ಅದೇ ನಗರದ ಬಂದರು ಕಾರ್ಯಕ್ಷೇತ್ರವಾಯಿತು.

ಹಡಗಿನ ಖಲಾಸಿಗಳ ನಡುವೆ

ಅಂದಿನ ಹಡಗು ಕಾರ್ಮಿಕರ ಸ್ಥಿತಿ ಕರುಣಾಜನಕವಾಗಿತ್ತು. ಕೆಲಸ ಸಿಗಬೇಕಾದರೆ ಸಾರಂಗನನ್ನೋ ದಲ್ಲಾಳಿಯನ್ನೋ ಆಶ್ರಯಿಸಬೇಕು, ಲಂಚ ತೆರಬೇಕು. ಒಂದು ಪ್ರಯಾಣ ಮುಗಿದು ಮತ್ತೊಂದು ಸಿಗುವವರೆಗೆ ತಿಂಗಳುಗಟ್ಟಲೆ ಬಂದರಿನಲ್ಲಿ ಕಾಯಬೇಕು. ಆ ಅವಧಿಯ ಊಟ ವಸತಿಗೆಲ್ಲ ಸಾಲವೇ ಗತಿ. ಮುಂದಿನ ಪ್ರಯಾಣದ ಸಂಬಳ ಹಿಂದಿನ ಸಾಲಕ್ಕೆ ಜಮಾ ಆಗುತ್ತಿತ್ತು. ಒಂದೇ ಹಡಗಿನಲ್ಲಿ ದುಡಿಯುವ ಯುರೋಪಿನ ನಾವಿಕನಿಗೂ ಭಾರತದ ಖಲಾಸಿಗೂ ವೇತನದಲ್ಲಿ ಅಜಗಜಾಂತರ.

ದೇಸಾಯಿಯವರು ಈ ಬದುಕನ್ನು ಹತ್ತಿರದಿಂದ ಕಂಡರು. ನಾವಿಕರ ಸಂಘಟನೆಯಲ್ಲಿ ತೊಡಗಿದರು. ಭಾರತದ ಹಡಗು ಕಾರ್ಮಿಕರನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಅಧ್ಯಯನ ಗ್ರಂಥವನ್ನೇ ರಚಿಸಿ 1940ರಲ್ಲಿ ಪ್ರಕಟಿಸಿದರು. ನೇಮಕಾತಿ, ವೇತನ, ದುಡಿಮೆಯ ಅವಧಿ, ವಸತಿ, ಕಾನೂನು ಇವೆಲ್ಲವನ್ನೂ ಕ್ರಮವಾಗಿ ಪರಿಶೀಲಿಸಿ ಬೇಡಿಕೆ ಮುಂದಿಡುವುದು ಗೋಖಲೆ ಪರಂಪರೆಯ ಶಿಸ್ತು. ಮೊದಲು ತಿಳಿ, ಆಮೇಲೆ ಕೇಳು, ಕೇಳಿದ್ದನ್ನು ಬಿಡಬೇಡ ಎಂಬ ಈ ಪಾಠ ಅವರ ಮುಂದಿನ ಎಲ್ಲ ಕೆಲಸಗಳಲ್ಲಿಯೂ ಕಾಣುತ್ತದೆ.

ರೈತ ಚಳವಳಿ ಮತ್ತು ಗಡೀಪಾರು

ಮುಂಬಯಿಯಲ್ಲಿದ್ದರೂ ಅವರ ಮನಸ್ಸು ತವರು ಜಿಲ್ಲೆಯಲ್ಲಿತ್ತು. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತ್ಯದ ಭಾಗ. 1930ರ ಉಪ್ಪಿನ ಸತ್ಯಾಗ್ರಹ, ಅದರ ಬೆನ್ನಿಗೇ ಬಂದ ಕರನಿರಾಕರಣೆ ಚಳವಳಿಗಳಿಂದ ಅಂಕೋಲೆಯ ಹೆಸರು ದೇಶವಿಡೀ ಕೇಳಿಬಂದಿತ್ತು. ಕರ ಕೊಡಲೊಪ್ಪದವರು ಭೂಮಿ, ದನಕರುಗಳನ್ನು ಕಳೆದುಕೊಂಡು ಸೆರೆಮನೆ ಸೇರಿದ್ದರು. ಆ ತ್ಯಾಗ ದೊಡ್ಡದು. ಆದರೆ ಸರಕಾರಕ್ಕೆ ಕರ ಕಟ್ಟುವಷ್ಟು ಭೂಮಿಯ ಹಕ್ಕೇ ಇಲ್ಲದ ಗೇಣಿದಾರನ ಪಾಡು ಬೇರೆಯಾಗಿತ್ತು. ಮೂಲಗೇಣಿದಾರನಿಗೆ ತನ್ನ ಗದ್ದೆಯ ಮೇಲೆ ಒಂದಿಷ್ಟು ಶಾಶ್ವತ ಹಕ್ಕಿತ್ತು. ಚಾಲಗೇಣಿದಾರನಿಗೆ ಅದೂ ಇರಲಿಲ್ಲ. ಒಡೆಯ ಬೇಡವೆಂದ ದಿನ ಅವನು ತಲೆಮಾರುಗಳಿಂದ ಉತ್ತ ನೆಲವನ್ನು ಬಿಟ್ಟೇಳಬೇಕು. ಮಳೆ ಕೈಕೊಟ್ಟರೂ ಗೇಣಿ ತಪ್ಪುವಂತಿರಲಿಲ್ಲ.

1930ರ ದಶಕದ ಕೊನೆಯ ವರ್ಷಗಳಲ್ಲಿ ದೇಸಾಯಿಯವರು ಈ ರೈತರನ್ನು ಸಂಘಟಿಸಲು ಮುಂದಾದರು. ಒಡೆಯನ ಅಂಗಳದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದವರು ಸಭೆ ಸೇರಿ ಗೇಣಿಯ ಪ್ರಮಾಣವನ್ನು ಪ್ರಶ್ನಿಸಿದರು. ಊರ ಪ್ರಮುಖರಿಗೆ ಇದು ಸಹಿಸದಾಯಿತು. ಸರಕಾರಕ್ಕೆ ಶಾಂತಿಭಂಗವಾಗಿ ಕಂಡಿತು. 1940ರಲ್ಲಿ ದೇಸಾಯಿಯವರನ್ನು ಐದು ವರ್ಷಗಳ ಅವಧಿಗೆ ಜಿಲ್ಲೆಯಿಂದ ಗಡೀಪಾರು ಮಾಡಲಾಯಿತು. ಹುಟ್ಟಿದ ಊರಿಗೆ ಕಾಲಿಡುವಂತಿಲ್ಲದ ಆ ಐದು ವರ್ಷಗಳು ಅವರನ್ನು ಮಣಿಸಲಿಲ್ಲ. ಅವಧಿ ಮುಗಿದ ಬಳಿಕ ಅವರು ಮತ್ತೆ ಅದೇ ರೈತರ ನಡುವೆ ಬಂದು ನಿಂತರು. ಸ್ವಾತಂತ್ರ್ಯವೆಂದರೆ ಉಳುವವನ ಹೊಟ್ಟೆ ತುಂಬುವುದೂ ಹೌದು ಎಂಬ ಅವರ ನಿಲುವು ಬದಲಾಗಲಿಲ್ಲ.

ಶಾಲೆಗಳ ಸಾಲು

ಹೋರಾಟದ ಅನುಭವ ಅವರಿಗೆ ಮತ್ತೊಂದು ಕೊರತೆಯನ್ನೂ ತೋರಿಸಿಕೊಟ್ಟಿತು. ಗೇಣಿಯ ಚೀಟಿಯನ್ನು ಓದಲಾರದ ರೈತನಿಗೆ ಕಾನೂನು ಕೊಟ್ಟ ಹಕ್ಕೂ ದಕ್ಕುವುದು ಕಷ್ಟ. ಪ್ರಾಥಮಿಕ ಶಿಕ್ಷಣವು ಸಾರ್ವತ್ರಿಕವೂ ಕಡ್ಡಾಯವೂ ಉಚಿತವೂ ಆಗಬೇಕೆಂದು ಅವರು ಇಂಗ್ಲಿಷಿನಲ್ಲಿ ಬರೆದು ವಾದಿಸಿದ್ದರು. ಬರೆದಷ್ಟಕ್ಕೇ ತೃಪ್ತರಾಗದೆ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿದರು. ಕಾರವಾರಕ್ಕೋ ಕುಮಟೆಗೋ ಮಕ್ಕಳನ್ನು ಕಳುಹಿಸಿ ಓದಿಸುವ ಶಕ್ತಿಯಿಲ್ಲದ ಹಳ್ಳಿಗರ ಬಳಿಗೆ ಪ್ರೌಢಶಾಲೆಯೇ ಹೋಗಬೇಕೆಂಬುದು ಅದರ ಹಿಂದಿನ ವಿಚಾರ.

ಹೀಗೆ ಹುಟ್ಟಿದ ಅನೇಕ ಶಾಲೆಗಳಿಗೆ ಜನತಾ ವಿದ್ಯಾಲಯ ಎಂಬ ಒಂದೇ ಹೆಸರು. ಕುಮಟಾ ತಾಲ್ಲೂಕಿನ ಮಿರ್ಜಾನ, ಭಟ್ಕಳ ತಾಲ್ಲೂಕಿನ ಶಿರಾಲಿ, ಕಾಗದದ ಕಾರ್ಖಾನೆಯ ಕಾರ್ಮಿಕರ ಊರಾದ ದಾಂಡೇಲಿ, ಹೀಗೆ ಕರಾವಳಿಯಿಂದ ಘಟ್ಟದ ಮೇಲಿನವರೆಗೆ ಅವು ಹಬ್ಬಿದವು. ಗೋಖಲೆಯವರು ಹುಟ್ಟಿ ನೂರು ವರ್ಷ ತುಂಬಿದ 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು ಆರಂಭವಾಯಿತು. ಹಾಲಕ್ಕಿ ಒಕ್ಕಲಿಗರ, ಮೀನುಗಾರರ, ಕೂಲಿಕಾರರ ಮನೆಗಳಿಂದ ಮೊದಲ ಬಾರಿಗೆ ಪದವೀಧರರು ಹೊರಬರಲು ಇಂಥ ಸಂಸ್ಥೆಗಳು ಬಾಗಿಲು ತೆರೆದವು. ಜನರೊಂದಿಗೆ ಮಾತನಾಡಲು ಅವರು ಜನಸೇವಕ ಎಂಬ ವಾರಪತ್ರಿಕೆಯನ್ನೂ ನಡೆಸಿದರು.

1967ರ ಲೋಕಸಭಾ ಚುನಾವಣೆಯಲ್ಲಿ ಕೆನರಾ ಕ್ಷೇತ್ರದ ಮತದಾರರು ಅವರನ್ನು ಪಕ್ಷೇತರರಾಗಿ ಆರಿಸಿ ಕಳುಹಿಸಿದರು. ಅದಕ್ಕೂ ಮುಂಚಿನ ಮೂರು ಚುನಾವಣೆಗಳಲ್ಲಿ ಆ ಸ್ಥಾನ ಕಾಂಗ್ರೆಸಿನ ಜೋಕಿಂ ಆಳ್ವರದಾಗಿತ್ತು. ಪಕ್ಷದ ಬಲವಿಲ್ಲದೆ ದೊರೆತ ಈ ಗೆಲುವು ಜಿಲ್ಲೆಯ ಜನತೆ ಅವರ ಮೇಲಿಟ್ಟ ವಿಶ್ವಾಸಕ್ಕೆ ಸಾಕ್ಷಿ.

ದುಡಿಯುವವರ ಕವಿ

ಅಮೆರಿಕದ ಕವಿ ಕಾರ್ಲ್ ಸ್ಯಾಂಡ್‌ಬರ್ಗ್ ರೈಲ್ವೆ ಕಮ್ಮಾರಶಾಲೆಯ ಕೆಲಸಗಾರನ ಮಗ. ಹಾಲು ಹಂಚಿ, ಕೂಲಿ ಮಾಡಿ ಬೆಳೆದು, ಸಮಾಜವಾದಿ ಸಂಘಟಕನಾಗಿ ದುಡಿದು, 1916ರ ತನ್ನ ಸಂಕಲನದಲ್ಲಿ ಷಿಕಾಗೋ ನಗರದ ಶ್ರಮಜೀವಿಗಳನ್ನು ಕಾವ್ಯಕ್ಕೆ ತಂದವನು. ದೇಸಾಯಿಯವರು ಬಂದ ದಿಕ್ಕು ಬೇರೆ. ಅವರು ಕಾರ್ಮಿಕರ ಮನೆಯಲ್ಲಿ ಹುಟ್ಟಿದವರಲ್ಲ. ಓದಿ, ಪದವಿ ಪಡೆದು, ಅನಂತರ ಕಾರ್ಮಿಕರ ಬಳಿಗೆ ನಡೆದುಹೋದವರು. ಆದರೆ ಬೆವರು ಸುರಿಸುವವನಿಗೆ ಅರ್ಥವಾಗದ ಮಾತು ತನಗೂ ಬೇಡವೆಂಬ ಹಠದಲ್ಲಿ ಇಬ್ಬರೂ ಸಮಾನರು.

ಕವನ ಸಂಗ್ರಹ, ಹೂಗೊಂಚಲು, ದಾಸಾಳ ಮುಂತಾದ ಕೃತಿಗಳ ಜೊತೆಗೆ ಮಕ್ಕಳ ಪದ್ಯಗಳನ್ನೂ ವಿದೇಶ ಪ್ರವಾಸದ ಕಥನವನ್ನೂ ಅವರು ಬರೆದರು. ಅವರ ಹೆಸರನ್ನು ಮನೆಮನೆಗೆ ಮುಟ್ಟಿಸಿದ್ದು ಮಾತ್ರ ನಾಲ್ಕು ಸಾಲಿನ ಚೌಪದಿಗಳು. ಪ್ರಾಸದ ಮೇಲೆ ಕುಳಿತು ಬರುವ ಚೌಪದಿ ಕೊನೆಯ ಸಾಲಿನಲ್ಲಿ ತಟ್ಟನೆ ಕುಟುಕುತ್ತದೆ. ಖುರ್ಚಿಗೆ ಅಂಟಿದ ರಾಜಕಾರಣಿ, ಕಾಳಸಂತೆಯ ವ್ಯಾಪಾರಿ, ಜಾತಿಯ ಡಂಭ, ದೇವರ ಹೆಸರಿನ ಕಪಟ ಯಾವುದಕ್ಕೂ ಅಲ್ಲಿ ವಿನಾಯಿತಿಯಿಲ್ಲ. ತನ್ನ ಹೆಸರನ್ನೇ ಎಳೆದು ತಂದು ತನ್ನನ್ನೇ ಗೇಲಿ ಮಾಡಿಕೊಳ್ಳುವುದೂ ಉಂಟು. ಸರ್ವಜ್ಞನ ತ್ರಿಪದಿಯಂತೆ ಅದನ್ನು ಪುಸ್ತಕವಿಲ್ಲದೆಯೂ ನೆನಪಿನಲ್ಲಿಟ್ಟುಕೊಳ್ಳಬಹುದು. ಬಸ್ಸಿಗೆ ಕಾಯುತ್ತ ಓದಬಹುದು, ಅಕ್ಷರ ಬಾರದವನಿಗೆ ಹೇಳಿ ನಗಿಸಬಹುದು.

ಚುಟುಕವು ಕಾವ್ಯವೇ ಎಂಬ ಅನುಮಾನ ಪಂಡಿತರಲ್ಲಿ ಇದ್ದೇ ಇತ್ತು. ಸಭೆ, ಸಂಘ, ಶಾಲೆಗಳೆಂದು ಅಲೆದಾಡದೆ ಕುಳಿತು ಬರೆದಿದ್ದರೆ ಅವರು ಇನ್ನೂ ದೊಡ್ಡ ಕವಿಯಾಗುತ್ತಿದ್ದರೇನೋ ಎಂದು ಮರುಗುವವರೂ ಇದ್ದಾರೆ. ಆದರೆ ಅಲೆದಾಟವಿಲ್ಲದ ದಿನಕರ ದೇಸಾಯಿ ಇಂಥ ಚೌಪದಿಗಳನ್ನು ಬರೆಯುತ್ತಿದ್ದರೆ ಎಂಬುದೇ ಸಂಶಯ. ಬಂದರಿನ ಖಲಾಸಿಗೂ ಗದ್ದೆಯ ಗೇಣಿದಾರನಿಗೂ ದೀರ್ಘ ಭಾಷಣ ಕೇಳುವ ವ್ಯವಧಾನವಿಲ್ಲ. ವಿಷಯ ಸಣ್ಣದಾಗಿ, ಸ್ಪಷ್ಟವಾಗಿ, ಮನಸ್ಸಿಗೆ ನಾಟುವಂತೆ ಇರಬೇಕು. ಆ ಮಿತಿಯನ್ನು ಒಪ್ಪಿಕೊಂಡದ್ದರಿಂದಲೇ ಅವರ ನಾಲ್ಕು ಸಾಲಿಗೆ ಆ ಬಿಗಿ ಬಂದಿದೆ. ಅವರ ನಂತರ ಕನ್ನಡದಲ್ಲಿ ಚುಟುಕ ಬರೆಯುವವರ ದೊಡ್ಡ ಬಳಗವೇ ಬೆಳೆಯಿತು.

ಬೂದಿಯ ಬಯಕೆ

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಕಾನೂನಿನ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಗೇಣಿ ಪದ್ಧತಿ ಕೊನೆಗೊಂಡಿತು. ಕರಾವಳಿಯ ಸಾವಿರಾರು ಗೇಣಿದಾರರು ಭೂ ನ್ಯಾಯಮಂಡಳಿಗಳ ಮುಂದೆ ನಿಂತು ತಾವು ಉಳುತ್ತಿದ್ದ ನೆಲದ ಒಡೆತನ ಪಡೆದರು. ಮೂರೂವರೆ ದಶಕಗಳ ಹಿಂದೆ ಅಪರಾಧವೆನಿಸಿದ್ದ ಬೇಡಿಕೆಗಿಂತಲೂ ದೊಡ್ಡದನ್ನು ಸರಕಾರವೇ ಒಪ್ಪಿಕೊಂಡಿತ್ತು. ಅದನ್ನು ಕಣ್ಣಾರೆ ಕಾಣುವ ಭಾಗ್ಯ ದೇಸಾಯಿಯವರಿಗೆ ದೊರೆಯಿತು. 1982ರ ನವೆಂಬರ್ 6ರಂದು ಅವರು ತೀರಿಕೊಂಡರು.

ಸಾವಿನ ಕುರಿತು ಅವರು ಬಹು ಮುಂಚೆಯೇ ಒಂದು ಕವಿತೆ ಬರೆದಿದ್ದರು. ಗಾಯಕರ ಕಂಠದಲ್ಲಿ ಅದು ಇಂದಿಗೂ ಜೀವಂತವಾಗಿದೆ. ತನ್ನ ಚಿತೆಯ ಬೂದಿ ಯಾವ ಪುಣ್ಯತೀರ್ಥಕ್ಕೂ ಹೋಗುವುದು ಬೇಡವೆಂಬಂತೆ ಅವರು ಅದಕ್ಕೆ ಕೆಲಸ ಹಚ್ಚುತ್ತಾರೆ. ಒಂದಿಷ್ಟು ಭತ್ತದ ಪೈರಿಗೆ ಗೊಬ್ಬರವಾಗಲಿ, ಒಂದಿಷ್ಟು ಹೊಳೆಯ ಮೀನಿಗೆ ಆಹಾರವಾಗಲಿ, ಇನ್ನಷ್ಟು ಕೊಳದ ತಾವರೆಗೆ ಕೆಸರಾಗಲಿ ಎಂಬುದು ಅದರ ಆಶಯ. ಗೋಕರ್ಣದ ಕಡಲಿಗೆ ಇಷ್ಟು ಹತ್ತಿರದಲ್ಲಿ ಹುಟ್ಟಿದ ಕವಿ ತನ್ನ ಸದ್ಗತಿಯನ್ನು ಕಂಡುಕೊಂಡದ್ದು ರೈತನ ಗದ್ದೆಯಲ್ಲಿ, ಅಂಬಿಗನ ಹೊಳೆಯಲ್ಲಿ. ಮಿರ್ಜಾನದಲ್ಲೋ ಶಿರಾಲಿಯಲ್ಲೋ ಬೆಳಗಿನ ಗಂಟೆ ಬಾರಿಸಿ ಮಕ್ಕಳು ತರಗತಿಗೆ ಓಡುವಾಗ ಆ ಬಯಕೆ ನೆರವೇರಿದ್ದು ಕಾಣುತ್ತದೆ.