ಹಂಪಿಯ ಫೋಟೋ ತೆಗೆದ ಕರ್ನಲ್ ಗ್ರೀನ್‌ಲಾ



50 ರೂಪಾಯಿಯ ಹೊಸ ನೋಟನ್ನು ತಿರುಗಿಸಿ ನೋಡಿ. ಹಿಂದುಗಡೆ ನಮ್ಮ ಹಂಪಿಯ ಕಲ್ಲಿನ ರಥ ಇದೆ. ರಥದ ನೆತ್ತಿ ಚಪ್ಪಟೆ ಅಲ್ಲವೇ? ಆದರೆ ಹಿಂದೆ ಅದರ ಮೇಲೆ ಇಟ್ಟಿಗೆಯ ಗೋಪುರ ಇತ್ತು. ಅದು ಹೇಗಿತ್ತು ಅಂತ ಇವತ್ತು ನಾವು ಕಣ್ಣಾರೆ ನೋಡಬಹುದು, ಯಾಕೆಂದರೆ 1856ರಲ್ಲಿ ಒಬ್ಬರು ಅದರ ಫೋಟೋ ತೆಗೆದಿದ್ದರು. ಅವರೇ ಅಲೆಕ್ಸಾಂಡರ್ ಗ್ರೀನ್‌ಲಾ. ಅವರ ವಿಷಯವನ್ನು ಈ ಸಲದ ಗೋಡೆ ಪತ್ರಿಕೆಗೆ ಬರೆದಿದ್ದೇನೆ.

ಗ್ರೀನ್‌ಲಾ ಅವರು 1818ರಲ್ಲಿ ಹುಟ್ಟಿದರು. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೈನ್ಯದಲ್ಲಿ ಅಧಿಕಾರಿಯಾಗಿದ್ದರು. ಅವರ ಕೆಲಸ ಸಿಪಾಯಿಗಳನ್ನು ನಡೆಸುವುದು. ಫೋಟೋ ತೆಗೆಯುವುದು ಬರೀ ಹವ್ಯಾಸ. ಆಗ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಹೊಸಪೇಟೆಗೆ ರೈಲು ಬಂದಿರಲಿಲ್ಲ. ವಿಜಯನಗರದ ಚರಿತ್ರೆಯನ್ನು ಎಲ್ಲರಿಗೂ ತಿಳಿಸಿದ ರಾಬರ್ಟ್ ಸೂವೆಲ್ ಅವರ ಪುಸ್ತಕ ಬಂದದ್ದು 1900ರಲ್ಲಿ. ಅದಕ್ಕಿಂತ 44 ವರ್ಷ ಮೊದಲೇ ಗ್ರೀನ್‌ಲಾ ಇಲ್ಲಿಗೆ ಕ್ಯಾಮೆರಾ ತಂದಿದ್ದರು.

ಈಗಿನ ಹಾಗೆ ಮೊಬೈಲ್ ಎತ್ತಿ ಟಪಕ್ ಅಂತ ಒತ್ತುವ ಕಾಲ ಅಲ್ಲ ಅದು. ಫೋಟೋ ಎಷ್ಟು ದೊಡ್ಡದು ಬೇಕೋ ಕ್ಯಾಮೆರಾ ಪೆಟ್ಟಿಗೆಯೂ ಅಷ್ಟು ದೊಡ್ಡದು ಬೇಕಿತ್ತು. ಗ್ರೀನ್‌ಲಾ ಅವರ ಒಂದೊಂದು ನೆಗೆಟಿವ್ ಒಂದು ಅಡಿಗಿಂತ ದೊಡ್ಡದು. ಅವರು ಬಳಸಿದ್ದು ಕಾಗದ. ಕಾಗದಕ್ಕೆ ಬೆಳ್ಳಿಯ ಲವಣ ಕುಡಿಸಿ ಕತ್ತಲಲ್ಲಿ ಒಣಗಿಸಬೇಕು. ಸಿಲ್ವರ್ ಕ್ಲೋರೈಡ್ ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗುತ್ತದೆ ಅಂತ ವಿಜ್ಞಾನದ ಪಾಠದಲ್ಲಿ ಓದಿದ್ದೇವಲ್ಲ, ಮೂಲ ಅದೇ. ಆ ಕಾಗದವನ್ನು ಕ್ಯಾಮೆರಾದೊಳಗೆ ಇಟ್ಟು ನಿಮಿಷಗಟ್ಟಲೆ ಕಾಯಬೇಕು. ಗಾಳಿ ಬೀಸಿದರೆ ಮರ ಮಸುಕು. ಮನುಷ್ಯ ನಡೆದು ಹೋದರೆ ಚಿತ್ರದಲ್ಲಿ ಅವನೇ ಇಲ್ಲ! ಸೆಕೆಗೆ ಔಷಧಿ ಕೆಟ್ಟರೆ ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ. ಹೀಗೆ ಅದೃಷ್ಟವನ್ನೂ ನಂಬಿಕೊಂಡೇ ಅವರು ಹಂಪಿಯಲ್ಲಿ 60ಕ್ಕೂ ಹೆಚ್ಚು ಚಿತ್ರ ತೆಗೆದರು.

ಬರೀ ಅದೃಷ್ಟ ಸಾಲದು, ಬೆನ್ನು ತಟ್ಟುವವರೂ ಬೇಕು. ಆ ಕಾಲದಲ್ಲಿ ಅದೂ ಇತ್ತು. ಹಳೆಯ ಕಟ್ಟಡಗಳ ಚಿತ್ರ ಬರೆಸುವ ಬದಲು ಫೋಟೋ ತೆಗೆಸಿ ಎಂದು 1855ರಲ್ಲಿ ಕಂಪನಿಯ ಲಂಡನ್ ನಿರ್ದೇಶಕರು ಸೂಚನೆ ಕೊಟ್ಟಿದ್ದರು. 1856ರಲ್ಲಿ ಮದ್ರಾಸಿನಲ್ಲಿ ಹವ್ಯಾಸಿಗಳ ಫೋಟೋ ಸಂಘವೂ ಶುರುವಾಯಿತು.

ಪ್ರೋತ್ಸಾಹ ಇದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅದೇ ಸೈನ್ಯದ ಲಿನಿಯಸ್ ಟ್ರೈಪ್ ಎಂಬ ಇನ್ನೊಬ್ಬ ಅಧಿಕಾರಿ ಸಾಕ್ಷಿ. ಇವರು 1854ರಲ್ಲಿ ಹಳೇಬೀಡು, ಬೇಲೂರಿನ ಫೋಟೋ ತೆಗೆದರು. 1855ರ ಮದ್ರಾಸ್ ಪ್ರದರ್ಶನದಲ್ಲಿ ಅವಕ್ಕೆ ಪದಕ ಬಂತು. ಮರುವರ್ಷವೇ ಮದ್ರಾಸ್ ಸರ್ಕಾರ ಅವರನ್ನು ತನ್ನ ಛಾಯಾಗ್ರಾಹಕರನ್ನಾಗಿ ನೇಮಿಸಿತು. ಆದರೆ 1859ರಲ್ಲಿ ಬಂದ ಗವರ್ನರ್ ಟ್ರೆವೆಲಿಯನ್ ಇದೆಲ್ಲ ದುಂದು ಖರ್ಚು ಎಂದು ಕೆಲಸ ನಿಲ್ಲಿಸಿಬಿಟ್ಟರು. ಆಮೇಲೆ 40ಕ್ಕೂ ಹೆಚ್ಚು ವರ್ಷ ಬದುಕಿದ್ದರೂ ಟ್ರೈಪ್ ತೆಗೆದ ಚಿತ್ರಗಳು ಬಹಳ ಕಡಿಮೆ.

ಗ್ರೀನ್‌ಲಾ ತಾವು ಕಲಿತದ್ದನ್ನು ಬಚ್ಚಿಡಲಿಲ್ಲ. ಅವರ ಕಾಗದದ ವಿಧಾನ ಅವರ ಹೆಸರಿನಲ್ಲೇ ಫೋಟೋ ಕಲೆಯ ಪುಸ್ತಕಗಳಲ್ಲಿ ಅಚ್ಚಾಯಿತು. 1870ರಲ್ಲಿ ಅವರು ತೀರಿಕೊಂಡರು. ಹಂಪಿಯ ಆ ನೆಗೆಟಿವ್‌ಗಳನ್ನು ಜನ ಮರೆತರು.

ಆದರೆ ಅದೃಷ್ಟ ನೋಡ್ರಿ! ಕಾಗದ ಅಂದರೆ ತೇವಕ್ಕೆ ಕೊಳೆಯುವ, ಹುಳ ತಿನ್ನುವ ವಸ್ತು. ಆದರೂ 124 ವರ್ಷ ಆದ ಮೇಲೆ, 1980ರಲ್ಲಿ, ಇಂಗ್ಲೆಂಡಿನ ಒಂದು ಖಾಸಗಿ ಸಂಗ್ರಹದಲ್ಲಿ ಅವು ಸಿಕ್ಕವು. ಆಗ ಜಾರ್ಜ್ ಮಿಚೆಲ್ ಮತ್ತು ಜಾನ್ ಫ್ರಿಟ್ಜ್ ಹಂಪಿಯಲ್ಲಿ ಸಂಶೋಧನೆ ಮಾಡುತ್ತಿದ್ದರು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಎಂಬ ಫೋಟೋಗ್ರಾಫರ್ ಬಂದು, ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ನಿಂತು, ಅವೇ ಗುಡಿಗಳ ಫೋಟೋ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಏನು ಉಳಿದಿದೆ, ಏನು ಹೋಗಿದೆ ಅಂತ ಚಿಕ್ಕ ಮಕ್ಕಳೂ ಹೇಳಬಹುದು.

ನನಗೆ ಇದರಿಂದ ಒಂದು ಯೋಚನೆ ಬಂತು. 2011ರಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ತೆರವು ಮಾಡಿಸಿದರು. 2024ರ ಮೇ ತಿಂಗಳ ಮಳೆಗೆ ಅದೇ ಸಾಲುಮಂಟಪದ ಒಂದು ಭಾಗ ಬಿದ್ದೇ ಹೋಯಿತು. ಹೋದದ್ದು ಹೇಗಿತ್ತು ಅಂತ ಮುಂದಿನವರು ಕೇಳಿದರೆ ತೋರಿಸಲು ಫೋಟೋ ಬೇಕಲ್ಲವೇ? ನಮ್ಮೂರಿನ ಅಗಸಿ ಬಾಗಿಲು, ಹಳೇ ಬಾವಿ, ಹನುಮಪ್ಪನ ಗುಡಿ, ವೀರಗಲ್ಲು ಇವುಗಳ ಫೋಟೋ ತೆಗೆಯಲು ಯಾವ ಕರ್ನಲ್ಲೂ ಬರುವುದಿಲ್ಲ. ನಾವೇ ತೆಗೆಯಬೇಕು. ಮನೆಯ ಮೊಬೈಲ್ ಸಾಕು. ತೆಗೆದ ಮೇಲೆ ಊರು, ತಾರೀಖು ಬರೆದಿಡಬೇಕು.

ಗುರುಗಳಲ್ಲಿ ನನ್ನದೊಂದು ವಿನಂತಿ. ಮುಂದಿನ ಗೋಡೆ ಪತ್ರಿಕೆಯಲ್ಲಿ ಊರಿನ ಫೋಟೋಗಳಿಗೆ ಒಂದು ಮೂಲೆ ಬಿಟ್ಟುಕೊಡಿ. ಚಿತ್ರ ಮಸುಕಾಗಿ ಬಂದರೂ ಬೈಯದೆ ಅಂಟಿಸಿ. ಅದೃಷ್ಟ ನಮ್ಮ ಕೈಯಲ್ಲಿಲ್ಲ, ಪ್ರೋತ್ಸಾಹ ಕೊಡುವುದು ನಿಮ್ಮ ಕೈಯಲ್ಲಿದೆ.