ಎಸೆಯಲ್ಪಟ್ಟವರಿಗೊಂದು ಮನೆ: ಪಂಡಿತಾ ರಮಾಬಾಯಿ ಕಂಡ ಕೃಪೆ

ಪಂಡಿತಾ ರಮಾಬಾಯಿ ಅಂದ ತಕ್ಷಣ ಕೆಲವರಿಗೆ ನೆನಪಾಗೋದು ಬ್ರಾಹ್ಮಣ ಪಿತೃಪ್ರಾಧಾನ್ಯಕ್ಕೆ ಎದುರು ನಿಂತ ಸ್ತ್ರೀವಾದಿ. ಇನ್ನು ಕೆಲವರಿಗೆ ನೆನಪಾಗೋದು ಅವರ ಮತಾಂತರ ಮಾತ್ರ. ಈ ಎಳೆದಾಟದಲ್ಲಿ ಅವರ ಬದುಕನ್ನು ನಡೆಸಿದ ಸಂಗತಿಯೇ ಮರೆಯಾಗಿದೆ: ಕರುಣೆ.

1858ರ ಏಪ್ರಿಲ್ 23ರಂದು ಅವರು ಹುಟ್ಟಿದ್ದು ಇಂದಿನ ಕರ್ನಾಟಕದ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರವರ ವಿರೋಧ ಕಟ್ಟಿಕೊಂಡವರು ತಂದೆ ಅನಂತಶಾಸ್ತ್ರಿ ಡೋಂಗ್ರೆ. ಬರಗಾಲ ಬಂದಾಗ ಅಪ್ಪ, ಅಮ್ಮ, ಅಕ್ಕ ಮೂವರೂ ಹಸಿವಿನಿಂದ ತೀರಿಕೊಂಡರು. ಉಳಿದ ಅಣ್ಣನ ಜೊತೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತಾ ತಲುಪಿದಾಗ ಅಲ್ಲಿನ ವಿದ್ವಾಂಸರು ಆಕೆಗೆ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣನೂ ಹೋದ. ಅದೇ ವರ್ಷ ಜಾತಿ ಮೀರಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧ್ವಿಯವರನ್ನು ಮದುವೆಯಾದರು. 1882ರಲ್ಲಿ ಕಾಲರಾ ಗಂಡನನ್ನೂ ಒಯ್ದಿತು. ಇಪ್ಪತ್ನಾಲ್ಕು ತುಂಬುವ ಮೊದಲೇ ವಿಧವೆ, ಕಂಕುಳಲ್ಲಿ ಮಗಳು ಮನೋರಮಾ.

1883ರಲ್ಲಿ ಇಂಗ್ಲೆಂಡಿಗೆ ಹೋದ ರಮಾಬಾಯಿಯನ್ನು ಕಲಕಿದ್ದು ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿದ್ದ ಒಂದು ಆಶ್ರಯಧಾಮ. ಸಮಾಜ ಕೆಟ್ಟವರೆಂದು ಹೊರದಬ್ಬಿದ ಹೆಂಗಸರನ್ನು ಅಲ್ಲಿನ ಕ್ರೈಸ್ತ ಸನ್ಯಾಸಿನಿಯರು ಮಮತೆಯಿಂದ ನೋಡಿಕೊಳ್ಳುತ್ತಿದ್ದರು. ಯಾಕೆ ಹೀಗೆ ಅಂತ ಕೇಳಿದಾಗ ಸಿಕ್ಕ ಉತ್ತರ, ಬಾವಿಯ ಬಳಿ ಯೇಸು ಮಾತಾಡಿಸಿದ ಸಮಾರ್ಯದ ಹೆಣ್ಣಿನ ಕಥೆ. ಅದೇ ವರ್ಷ ದೀಕ್ಷಾಸ್ನಾನ ಪಡೆದರು. ಹಾಗಂತ ಚರ್ಚಿಗೆ ತಲೆಬಾಗಿದರು ಅಂದುಕೊಳ್ಳಬೇಡಿ. ಬಿಷಪ್‌ಗಳ ಅಧಿಕಾರದ ಬಗ್ಗೆ ತನ್ನ ಗುರುಗಳ ಜೊತೆಗೇ ಜಗಳವಾಡಿದರು.

ಧರ್ಮ ಸಿಕ್ಕಿದ್ದರೂ ಕ್ರಿಸ್ತ ಸಿಕ್ಕಿರಲಿಲ್ಲ ಎಂಬುದು ಅವರೇ ಮುಂದೆ ತೋಡಿಕೊಂಡ ಸತ್ಯ. ಪಾಂಡಿತ್ಯದಿಂದಲೋ ಸೇವೆಯಿಂದಲೋ ಗಳಿಸುವಂಥದ್ದಲ್ಲ, ಕೈಚಾಚಿ ಪಡೆಯಬೇಕಾದದ್ದು ಕೃಪೆ ಅಂತ ಅರ್ಥವಾಗಲು ಎಂಟು ವರ್ಷ ಬೇಕಾಯಿತು. ಕೊಟ್ಟು ಅಭ್ಯಾಸವಿದ್ದವರಿಗೆ ಪಡೆಯೋದೇ ಕಷ್ಟ.

1889ರಲ್ಲಿ ಬಾಂಬೆಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಅದು ಪುಣೆಗೆ ಬಂದ ಮೇಲೆ, 1893ರಲ್ಲಿ ಮತಾಂತರದ ಆರೋಪ ಎದ್ದು ಅನೇಕ ಪೋಷಕರು ಹುಡುಗಿಯರನ್ನು ವಾಪಸ್ ಕರೆದೊಯ್ದರು. ಮೂರು ವರ್ಷಕ್ಕೆ ಮಧ್ಯಪ್ರಾಂತ್ಯದಲ್ಲಿ ಬರ ಬಿತ್ತು. ತನ್ನ ಮನೆಯವರನ್ನು ನುಂಗಿದ ಹಸಿವು ಅವರಿಗೆ ಗೊತ್ತಿತ್ತು. ತಾವೇ ಹೋಗಿ ನೂರಾರು ಹೆಣ್ಮಕ್ಕಳನ್ನು ಪುಣೆ ಬಳಿಯ ಕೆಡಗಾಂವ್‌ಗೆ ಕರೆತಂದರು. ಅದೇ ಮುಕ್ತಿ ಸದನ. 1900ರ ಹೊತ್ತಿಗೆ ಅಲ್ಲಿದ್ದವರು ಸುಮಾರು ಎರಡು ಸಾವಿರ.

ಅಲ್ಲಿ ಊಟದ ಜೊತೆ ಅಕ್ಷರವಿತ್ತು, ಹೊಲವಿತ್ತು, ಮಗ್ಗವಿತ್ತು, ಮುದ್ರಣಾಲಯವಿತ್ತು. ಆಶ್ರಯಕ್ಕೆ ಬಂದವರೇ ಮುಂದೆ ಬಂದವರನ್ನು ನೋಡಿಕೊಂಡರು. ಫುಲ್‌ಹ್ಯಾಮ್‌ನಲ್ಲಿ ಕಂಡದ್ದನ್ನು ಮರೆಯದೆ, ಲೈಂಗಿಕ ಶೋಷಣೆಗೆ ಸಿಕ್ಕಿ ಎಲ್ಲೂ ಜಾಗವಿಲ್ಲದ ಹೆಂಗಸರಿಗಾಗಿ 1899ರಲ್ಲಿ ಕೃಪಾ ಸದನ ಕಟ್ಟಿದರು. ಹೆಸರೇ ಎಲ್ಲ ಹೇಳುತ್ತೆ. ಕರುಣೆ ಅವರನ್ನು ಮೆತ್ತಗೆ ಮಾಡಲಿಲ್ಲ; ಪುಣೆಯ ಪ್ಲೇಗ್ ಆಸ್ಪತ್ರೆಯಲ್ಲಿ ಹೆಂಗಸರಿಗಿದ್ದ ದುಃಸ್ಥಿತಿಯ ಬಗ್ಗೆ ಬ್ರಿಟಿಷ್ ಆಡಳಿತವನ್ನು 1897ರಲ್ಲಿ ಪತ್ರಿಕೆಯಲ್ಲೇ ತರಾಟೆಗೆ ತೆಗೆದುಕೊಂಡರು.

ಮುಕ್ತಿಯ ದಿನಚರಿ ಕ್ರೈಸ್ತವಾಗಿತ್ತು, ಅನೇಕರು ಕ್ರೈಸ್ತರಾದರು. ಹಸಿದವರಿಗೆ ಆಯ್ಕೆ ಎಷ್ಟಿತ್ತು ಅನ್ನೋ ಪ್ರಶ್ನೆ ನ್ಯಾಯವಾದದ್ದೇ, ಕೇಳಲೇಬೇಕು. ಆದರೆ ಅದನ್ನು ಕೇಳುವವರು ಇನ್ನೊಂದನ್ನೂ ಕೇಳಿಕೊಳ್ಳಬೇಕು: ಆ ಹೆಣ್ಮಕ್ಕಳು ದಾರಿಯಲ್ಲಿ ಸಾಯುತ್ತಿದ್ದಾಗ ಅವರ ಜಾತಿ, ಊರು, ಸರ್ಕಾರ ಎಲ್ಲಿದ್ದವು?

ಮಗಳು ಮನೋರಮಾ 1921ರಲ್ಲಿ ತಾಯಿಗಿಂತ ಮೊದಲೇ ಹೋದರು. ಮೂಲ ಭಾಷೆಗಳನ್ನು ಕಲಿತು ಬೈಬಲ್ ಅನ್ನು ಸರಳ ಮರಾಠಿಗೆ ತರುವ ಕೆಲಸವನ್ನು ರಮಾಬಾಯಿ ಕೊನೆಯವರೆಗೂ ಬಿಡಲಿಲ್ಲ. ಓದು ಕಡಿಮೆಯಿದ್ದ ಹೆಂಗಸರಿಗೂ ಅದು ತಿಳಿಯಬೇಕಿತ್ತು. 1922ರ ಏಪ್ರಿಲ್ 5ರಂದು ಅವರು ತೀರಿಕೊಂಡರು. ಕೆಡಗಾಂವ್‌ನ ಮುಕ್ತಿ ಇವತ್ತಿಗೂ ಬಾಗಿಲು ಮುಚ್ಚಿಲ್ಲ.