ಪರೀಕ್ಷೆ ಪಾಸು, ಕೋರ್ಟಿನಲ್ಲಿ ಮೌನ

ನಮ್ಮ ದೊಡ್ಡಪ್ಪನ ಮಗಳು ಎಲ್‌ಎಲ್‌ಬಿ ಮುಗಿಸಿ ಈಗ ಎಐಬಿಇಗೆ ಓದುತ್ತಿದ್ದಾಳೆ. ಕಾಲೇಜು ಮುಗಿದರೂ ನಿನ್ನ ಪರೀಕ್ಷೆ ಮುಗಿಯಲಿಲ್ಲವಲ್ಲಕ್ಕಾ ಎಂದು ರೇಗಿಸಿದರೆ, ಪರೀಕ್ಷೆಯ ಭಯ ಇಲ್ಲ ಕಣೋ, ಪಾಸಾದ ಮೇಲೆ ಏನು ಮಾಡೋದು ಅನ್ನೋದೇ ಭಯ ಎಂದಳು. ಅದೇ ವಾರ ಹಾಸ್ಟೆಲ್ಲಿನ ಗೆಳೆಯನೊಬ್ಬನ ಬಳಿ ಗೊರೂರರು ಅನುವಾದಿಸಿದ ಗಾಂಧೀಜಿಯ ಆತ್ಮಕಥೆ ಸಿಕ್ಕಿತು. ಶಾಲೆಯಲ್ಲಿ ಅಕ್ಟೋಬರ್ 2ಕ್ಕೆ ನಾವು ಬಾಯಿಪಾಠ ಮಾಡುತ್ತಿದ್ದ ಭಾಷಣದಲ್ಲಿ ಗಾಂಧೀಜಿ ಬ್ಯಾರಿಸ್ಟರ್ ಆಗುತ್ತಾರೆ, ಮುಂದಿನ ಸಾಲಿನಲ್ಲೇ ದಕ್ಷಿಣ ಆಫ್ರಿಕಾದ ರೈಲಿನಲ್ಲಿರುತ್ತಾರೆ. ಆ ಎರಡು ಸಾಲುಗಳ ನಡುವೆ ಸುಮಾರು ಎರಡು ವರ್ಷಗಳ ನಿರುದ್ಯೋಗ ಇತ್ತೆಂದು ಯಾವ ಮೇಷ್ಟ್ರೂ ಹೇಳಿರಲಿಲ್ಲ.

ಭಾವನಗರದ ಕಾಲೇಜಿನಲ್ಲಿ ಮೊದಲ ಟರ್ಮ್‌ನಲ್ಲೇ ಅವರಿಗೆ ಪಾಠ ತಲೆಗೆ ಹತ್ತಲಿಲ್ಲ. ಮನೆಗೆ ಬಂದಾಗ ಕುಟುಂಬದ ಹಿತೈಷಿ ಮಾವಜಿ ದವೆಯವರು ಲೆಕ್ಕ ಹಾಕಿ ಹೇಳಿದರು: ಬಿಎ ಮಾಡಲು ನಾಲ್ಕೈದು ವರ್ಷ ಬೇಕು, ಆಮೇಲೆ ಸಿಗುವುದು ಹೆಚ್ಚೆಂದರೆ 60 ರೂಪಾಯಿಯ ನೌಕರಿ, ಲಂಡನ್ನಿಗೆ ಹೋದರೆ ಮೂರೇ ವರ್ಷಕ್ಕೆ ಬ್ಯಾರಿಸ್ಟರ್. ಹುಡುಗನಿಗೆ ಆಸೆಯಿದ್ದದ್ದು ಡಾಕ್ಟರ್ ಆಗಲು. ಹೆಣ ಕೊಯ್ಯುವ ಓದು ವೈಷ್ಣವರಿಗೆ ಸಲ್ಲದೆಂದು ಅಣ್ಣ ಒಪ್ಪಲಿಲ್ಲ. (ನಮ್ಮಲ್ಲಿ ಎಷ್ಟು ಜನ ಇಂಜಿನಿಯರಿಂಗ್‌ಗೆ ಬಂದದ್ದೂ ಹೀಗೆಯೇ ಅಲ್ಲವೇ?) ಸಮುದ್ರ ದಾಟುವವನನ್ನು ಜಾತಿಯವರು ಹೊರಗಿಟ್ಟರು, ಬೀಳ್ಕೊಡಲು ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡವೆಂದು ಸಾರಿದರು. 1888ರ ಸೆಪ್ಟೆಂಬರ್ 4ರಂದು ಹಡಗು ಹೊರಟಾಗ ಅವರಿಗಿನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಹೆಂಡತಿ, ಒಂದು ಮಗು ಊರಿನಲ್ಲಿದ್ದರು. ಖರ್ಚೆಲ್ಲ ಅಣ್ಣನದು.

ಲಂಡನ್ನಿನ ಬ್ಯಾರಿಸ್ಟರ್ ಓದು ತಮಾಷೆಯಾಗಿತ್ತು. ಇನ್ನರ್ ಟೆಂಪಲ್‌ಗೆ ಸೇರಿದ ಮೇಲೆ ಹನ್ನೆರಡು ಟರ್ಮ್ ಪೂರೈಸಬೇಕು, ಅಂದರೆ ಸುಮಾರು ಮೂರು ವರ್ಷ. ಟರ್ಮ್ ಪೂರೈಸುವುದೆಂದರೆ ಕ್ಲಾಸಿಗೆ ಹೋಗುವುದಲ್ಲ, ಊಟಕ್ಕೆ ಹೋಗುವುದು! ಒಂದು ಟರ್ಮ್‌ನ ಸುಮಾರು 24 ಊಟಗಳಲ್ಲಿ ಕನಿಷ್ಠ ಆರಕ್ಕೆ ಹಾಜರಿ ಬೇಕಿತ್ತು. ನಮ್ಮ ಕಾಲೇಜಿನಲ್ಲೂ ಹಾಜರಿಯನ್ನು ಕ್ಯಾಂಟೀನಿನಲ್ಲಿ ಹಾಕಿದ್ದರೆ ಯಾರಿಗೂ ಕೊರತೆ ಬೀಳುತ್ತಿರಲಿಲ್ಲ. ನಾಲ್ವರು ಕೂರುವ ಮೇಜಿಗೆ ಎರಡು ಬಾಟಲಿ ವೈನ್ ಇಡುತ್ತಿದ್ದರು. ಗಾಂಧಿ ಮುಟ್ಟುವುದಿಲ್ಲವಾದ್ದರಿಂದ ಅವರನ್ನು ನಾಲ್ಕನೆಯವರನ್ನಾಗಿ ಕೂರಿಸಿಕೊಳ್ಳಲು ಪೈಪೋಟಿ ನಡೆಯುತ್ತಿತ್ತಂತೆ. ಅವರ ತಟ್ಟೆಯಲ್ಲಿ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ಎಲೆಕೋಸು.

ಪರೀಕ್ಷೆ ಎರಡು. ರೋಮನ್ ಕಾನೂನನ್ನು ನೋಟ್ಸ್ ಹಿಡಿದು ಒಂದೆರಡು ವಾರದಲ್ಲಿ, ಇಂಗ್ಲೆಂಡಿನ ಕಾನೂನನ್ನು ಎರಡು ಮೂರು ತಿಂಗಳಲ್ಲಿ ಮುಗಿಸುವವರೇ ಹೆಚ್ಚು. ಗಾಂಧಿ ಪಠ್ಯಪುಸ್ತಕಗಳನ್ನೆಲ್ಲ ಕೊಂಡರು. ಅಷ್ಟು ದುಡ್ಡು ಹಾಕಿ ಓದದಿದ್ದರೆ ಮೋಸವೆನಿಸಿ ರೋಮನ್ ಕಾನೂನನ್ನು ಲ್ಯಾಟಿನ್ನಿನಲ್ಲೇ ಓದಿದರು. ಇದೇ ಲ್ಯಾಟಿನ್ನಿನಲ್ಲಿ ಅವರು ಲಂಡನ್ ಮೆಟ್ರಿಕ್ಯುಲೇಷನ್‌ನಲ್ಲಿ ಒಮ್ಮೆ ಫೇಲಾಗಿ, ಎರಡನೇ ಸಲ ಪಾಸಾಗಿದ್ದರು. ಬ್ರೂಮ್, ಸ್ನೆಲ್ ಬರೆದ ದಪ್ಪ ಪುಸ್ತಕಗಳಿಗೆ ಒಂಬತ್ತು ತಿಂಗಳು ಹಿಡಿಯಿತು. ಮೊದಮೊದಲು ಡಾನ್ಸ್ ಕ್ಲಾಸು, ಪಿಟೀಲು ಎಂದು ದುಡ್ಡು ಕಳೆದವರು ಕೊನೆಗೆ ಒಂದೇ ಕೋಣೆಗೆ ಬಂದು, ಓಟ್ಸ್ ಗಂಜಿ, ಕೋಕೋ ತಾವೇ ಮಾಡಿಕೊಂಡು ದಿನದ ಊಟವನ್ನು ಒಂದು ಷಿಲಿಂಗ್ ಮೂರು ಪೆನ್ಸ್‌ಗೆ ಇಳಿಸಿದ್ದರು.

1891ರ ಜೂನ್ 10ರಂದು ಬ್ಯಾರಿಸ್ಟರ್ ಪದವಿ, 11ರಂದು ಹೈಕೋರ್ಟಿನಲ್ಲಿ ನೋಂದಣಿ, 12ಕ್ಕೆ ಹಡಗು. ಇಷ್ಟು ಅವಸರದಲ್ಲಿ ಹೊರಟವರ ಮನಸ್ಸಿನಲ್ಲಿ ಮಾತ್ರ ದಿಗಿಲು ತುಂಬಿತ್ತು. ಕಾನೂನಿನ ತತ್ವ ಗೊತ್ತು, ದಾವೆಯೊಂದಕ್ಕೆ ಅರ್ಜಿ ಬರೆಯುವುದು ಗೊತ್ತಿಲ್ಲ. ಹಿಂದೂ ಕಾನೂನು, ಮುಸ್ಲಿಂ ಕಾನೂನು ಯಾವುದನ್ನೂ ಕಲಿಸಿರಲಿಲ್ಲ. ಮುಂಬೈಯಲ್ಲಿ ಇಳಿದ ದಿನ ಅಣ್ಣ ಹೇಳಿದ ಸುದ್ದಿ ಎಂದರೆ ತಾಯಿ ಇಲ್ಲ. ಪರದೇಶದಲ್ಲಿ ಒಬ್ಬನೇ ಅಳಬಾರದೆಂದು ಮುಚ್ಚಿಟ್ಟಿದ್ದರು. ಈ ಪುಟ ಓದಿದ ರಾತ್ರಿ ನಾನು ಮನೆಗೆ ಫೋನ್ ಮಾಡಿದೆ.

ತಮ್ಮ ಬ್ಯಾರಿಸ್ಟರ್ ಆಗಿ ಬಂದನೆಂದು ಅಣ್ಣ ಮನೆ ಖರ್ಚು ಹೆಚ್ಚಿಸಿದ್ದರು. ತಮ್ಮ ಮುಂಬೈಗೆ ಹೋಗಿ ಗಿರ್‌ಗಾಂವ್‌ನಿಂದ ಹೈಕೋರ್ಟಿಗೆ ಮುಕ್ಕಾಲು ಗಂಟೆ ನಡೆದು, ಅಲ್ಲಿ ವಾದ ಕೇಳುತ್ತಾ ತೂಕಡಿಸುತ್ತಿದ್ದರು. ಮೊದಲ ಕೇಸು ಬಂದದ್ದು ಸ್ಮಾಲ್ ಕಾಸಸ್ ಕೋರ್ಟಿನಲ್ಲಿ. ಮಮೀಬಾಯಿ ಎಂಬ ಹೆಂಗಸಿನ ಪರ, ಫೀಸು 30 ರೂಪಾಯಿ. ದಲ್ಲಾಳಿಗೆ ಕಮಿಷನ್ ಕೊಡುವುದಿಲ್ಲವೆಂದು ಹಟ ಹಿಡಿದೂ ಸಿಕ್ಕ ಕೇಸದು. ಪಾಟೀಸವಾಲಿಗೆ ಎದ್ದು ನಿಂತರು. ತಲೆ ಗಿರ್ರೆಂದಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕುಳಿತುಬಿಟ್ಟರು. ಫೀಸು ವಾಪಸು ಕೊಟ್ಟು, ಪಟೇಲ್ ಎಂಬ ವಕೀಲರನ್ನು ಇಟ್ಟುಕೊಳ್ಳಿ ಎಂದರು. ಪಟೇಲರು 51 ರೂಪಾಯಿ ಪಡೆದು ಸಲೀಸಾಗಿ ಮುಗಿಸಿದರು. ಕೇಸು ಗೆದ್ದಿತೋ ಸೋತಿತೋ ನೋಡಲೂ ಗಾಂಧಿ ಅಲ್ಲಿ ನಿಲ್ಲಲಿಲ್ಲ.

ಆಮೇಲೆ ಪೇಪರಿನಲ್ಲಿ ಒಂದು ಜಾಹೀರಾತು ಕಂಡಿತು. ದಿನಕ್ಕೊಂದು ಗಂಟೆ ಇಂಗ್ಲಿಷ್ ಪಾಠ, ಸಂಬಳ 75 ರೂಪಾಯಿ. ಅರ್ಜಿ ಹಾಕಿದರು, ಸಂದರ್ಶನಕ್ಕೂ ಕರೆ ಬಂತು. ಪದವೀಧರರಲ್ಲವೆಂದು ಮುಖ್ಯಶಿಕ್ಷಕರು ವಿಷಾದದಿಂದಲೇ ಕಳುಹಿಸಿಬಿಟ್ಟರು. ಲಂಡನ್ ಮೆಟ್ರಿಕ್ ಇದೆ, ಲ್ಯಾಟಿನ್ ಬರುತ್ತದೆ ಎಂದರೂ ಕೆಲಸಕ್ಕೆ ಬರಲಿಲ್ಲ. ಕಟ್-ಆಫ್ ಎಂಬುದು ಆಗಲೂ ಇತ್ತು! ಆರು ತಿಂಗಳಿಗೆ ಮುಂಬೈ ಮನೆ ಖಾಲಿ ಮಾಡಿ ರಾಜಕೋಟೆಗೆ ಮರಳಿದರು. ಅಲ್ಲಿ ಅಣ್ಣನ ಪರಿಚಯದಿಂದ ಅರ್ಜಿ, ಮನವಿ ಬರೆದುಕೊಟ್ಟು ತಿಂಗಳಿಗೆ ಸುಮಾರು 300 ರೂಪಾಯಿ ದುಡಿದರು. ಮುಂಬೈಯಲ್ಲಿ ಒಲ್ಲೆನೆಂದ ಕಮಿಷನ್ನಿಗೆ ಇಲ್ಲಿ ಒಪ್ಪಬೇಕಾಯಿತು ಎಂಬುದನ್ನೂ ಅವರು ಮುಚ್ಚಿಟ್ಟಿಲ್ಲ.

1893ರಲ್ಲಿ ದಾದಾ ಅಬ್ದುಲ್ಲಾ ಕಂಪನಿಯಿಂದ ಕರೆ ಬಂತು. ಒಂದು ವರ್ಷದ ಕೆಲಸ, 105 ಪೌಂಡ್, ಜೊತೆಗೆ ಹೋಗಿಬರುವ ಖರ್ಚು. ಬ್ಯಾರಿಸ್ಟರ್‌ಗಿಂತ ಕಂಪನಿಯ ನೌಕರನಿಗೆ ಕೊಡುವಂಥ ಮೊತ್ತ. ಚೌಕಾಸಿ ಮಾಡದೆ ಏಪ್ರಿಲ್‌ನಲ್ಲಿ ಹೊರಟರು. ರೈಲಿನಿಂದ ತಳ್ಳಿದ್ದು ನಮಗೆಲ್ಲ ಗೊತ್ತು. ನನಗೆ ಹೆಚ್ಚು ಹಿಡಿಸಿದ್ದು ಲೆಕ್ಕಪತ್ರದ ಕಥೆ. 40,000 ಪೌಂಡಿನ ಆ ದಾವೆಯೆಲ್ಲ ಜಮಾ-ಖರ್ಚಿನದು, ಈ ಬ್ಯಾರಿಸ್ಟರ್‌ಗೆ ಜಮಾ ಯಾವುದು, ಖರ್ಚು ಯಾವುದು ತಿಳಿಯದು. ಪಿ. ನೋಟ್ ಎಂದರೇನೆಂದು ನಿಘಂಟಿನಲ್ಲಿ ಹುಡುಕಿ ಸಿಗದೆ, ಕೊನೆಗೆ ಗುಮಾಸ್ತನನ್ನೇ ಕೇಳಿದರು. ಪ್ರಾಮಿಸರಿ ನೋಟ್ ಎಂದು ಅವನು ಹೇಳಿಕೊಟ್ಟ. ಲೆಕ್ಕ ಬರೆಯುವ ಪುಸ್ತಕ ಕೊಂಡು ಕಲಿತರು. ಕಂಪನಿಯ ಕಡತವನ್ನೆಲ್ಲ ಓದಿದರು. ಕೇಸಿನ ಸಂಗತಿ ಎರಡೂ ಕಡೆಯ ದೊಡ್ಡ ವಕೀಲರಿಗಿಂತ ಅವರಿಗೇ ಹೆಚ್ಚು ತಿಳಿದಾಗ, ಇದು ಕೋರ್ಟಿನಲ್ಲೇ ಎಳೆದಾಡಿದರೆ ಇಬ್ಬರೂ ಮುಳುಗುತ್ತಾರೆಂದು ಕಂಡಿತು. ಪ್ರತಿವಾದಿ ತಯ್ಯಬ್ ಸೇಠರನ್ನು ಮಧ್ಯಸ್ಥಿಕೆಗೆ ಒಪ್ಪಿಸಿದರು. ದಾದಾ ಅಬ್ದುಲ್ಲಾ ಗೆದ್ದರು. ಆದರೆ ಸುಮಾರು 37,000 ಪೌಂಡನ್ನು ಒಂದೇ ಸಲ ಕಟ್ಟಬೇಕೆಂದರೆ ತಯ್ಯಬ್ ಸೇಠರು ದಿವಾಳಿ. ಗೆದ್ದ ಕಕ್ಷಿದಾರರ ಬಳಿ ಕುಳಿತು, ದೀರ್ಘ ಕಂತುಗಳಿಗೆ ಒಪ್ಪಿಸುವುದು ಮಧ್ಯಸ್ಥಿಕೆಗಿಂತ ಕಷ್ಟವಾಯಿತಂತೆ. ಮಮೀಬಾಯಿಯ ಕೋರ್ಟಿನಲ್ಲಿ ಬಾಯಿ ಬಿಡಲಾಗದವರು ಇಲ್ಲಿ ಮಾತಾಡಿಯೇ ಒಪ್ಪಿಸಿದರು.

ಪುಸ್ತಕವನ್ನು ಅಕ್ಕನಿಗೆ ಕೊಟ್ಟಿದ್ದೇನೆ. ಮಮೀಬಾಯಿಯ ಪುಟಕ್ಕೆ ಬಸ್ ಟಿಕೆಟ್ ಇಟ್ಟು ಗುರುತು ಮಾಡಿಕೊಂಡಿದ್ದಾಳೆ.